ಮಗಳೊಂದಿಗೆ ಬೈಕ್‌ನಲ್ಲಿ ಕೊಡಗು: ಮೂರು ದಿನಕ್ಕೆ ಎಷ್ಟು ದಾರಿ, ಎಷ್ಟು ನಿಲುಗಡೆ?

ಪ್ರಶ್ನೆ: ನಾನು ಮೈಸೂರಿನಲ್ಲಿ ಶಿಕ್ಷಕಿ. ಹಲವು ವರ್ಷಗಳಿಂದ ಬೈಕ್ ಓಡಿಸುತ್ತಿದ್ದೇನೆ, ಈಗ 350 ಸಿಸಿಯ ಬೈಕ್ ಇದೆ. ನವೆಂಬರ್ ಕೊನೆಯಲ್ಲಿ ಶುಕ್ರವಾರ ರಜೆ ಹಾಕಿ, ಹತ್ತು ವರ್ಷದ ಮಗಳನ್ನು ಹಿಂದೆ ಕೂರಿಸಿಕೊಂಡು ಮೂರು ದಿನ ಕೊಡಗು ಸುತ್ತಿ ಬರಬೇಕೆಂದಿದ್ದೇನೆ. ಬೈಲುಕುಪ್ಪೆ, ನಿಸರ್ಗಧಾಮ, ದುಬಾರೆ, ರಾಜಾಸೀಟು, ಅಬ್ಬಿ ಜಲಪಾತ, ಮಾಂದಲಪಟ್ಟಿ, ತಲಕಾವೇರಿ, ಚೇಲಾವರ, ಇರ್ಪು, ನಾಗರಹೊಳೆ ನಮ್ಮ ಪಟ್ಟಿಯಲ್ಲಿವೆ. ಮನೆಯವರು ಕಾರಿನಲ್ಲೇ ಹೋಗಿ ಎನ್ನುತ್ತಿದ್ದಾರೆ. ನಮ್ಮ ಯೋಜನೆ ಸರಿಯಿದೆಯೇ? ಏನೇನು ಎಚ್ಚರಿಕೆ ಬೇಕು?

ಉತ್ತರ: ಹೋಗಬಹುದು, ಆದರೆ ಈ ಪಟ್ಟಿಯನ್ನು ಹಿಡಿದುಕೊಂಡು ಹೋಗುವುದು ಬೇಡ. ನೀವು ಬರೆದಿರುವ ಹತ್ತು ತಾಣಗಳನ್ನು ಮೂರು ದಿನಗಳಲ್ಲಿ ಮುಗಿಸಬೇಕಾದರೆ ಪೂರ್ವದ ಕುಶಾಲನಗರದಿಂದ ಪಶ್ಚಿಮದ ತಲಕಾವೇರಿಗೆ, ಅಲ್ಲಿಂದ ದಕ್ಷಿಣದ ಕುಟ್ಟದ ಕಡೆಗೆ ಎಂದು ಇಡೀ ಜಿಲ್ಲೆಯನ್ನು ಓಡಾಡಬೇಕಾಗುತ್ತದೆ. ಓಡಿಸುವ ನಿಮಗೆ ಕೈಯಲ್ಲೊಂದು ಕೆಲಸವಿರುತ್ತದೆ, ಕಣ್ಣಿಗೆ ಮುಂದಿನ ರಸ್ತೆ ಕಾಣುತ್ತಿರುತ್ತದೆ. ಹಿಂದೆ ಕೂತ ಮಗುವಿಗೆ ಗಾಳಿ, ಚಳಿ, ಕುಲುಕಾಟಗಳನ್ನು ತಡೆದುಕೊಂಡು ಕೂರುವುದಷ್ಟೇ ಕೆಲಸ. ಮಡಿಕೇರಿಯಲ್ಲಿದ್ದುಕೊಂಡು ಸವಾರಿ ಕಲಿಸುವ ನಾನು ಇಂಥ ಪ್ರಯಾಣಗಳಲ್ಲಿ ಮತ್ತೆ ಮತ್ತೆ ಕಾಣುವುದೇನೆಂದರೆ, ತಂದೆ ತಾಯಿ ದಾರಿಯ ಲೆಕ್ಕವನ್ನು ತಮ್ಮ ಶಕ್ತಿಗೆ ತಕ್ಕಂತೆ ಹಾಕಿಕೊಂಡಿರುತ್ತಾರೆ. ಆ ಲೆಕ್ಕವನ್ನು ಮಗುವಿನ ಶಕ್ತಿಗೆ ಹಾಕಿ, ಅದು ದಣಿಯುವ ಮೊದಲೇ ನಿಲ್ಲುವ ಹಾಗೆ ದಾರಿಯನ್ನು ತುಂಡು ಮಾಡಿಕೊಳ್ಳಬೇಕು. ನನ್ನ ಮುಂದಿನ ಮಾತುಗಳೆಲ್ಲ ಇದರ ಮೇಲೆಯೇ ನಿಂತಿವೆ.

ನಿಮ್ಮ ಮನೆಯವರ ಆತಂಕವನ್ನು ತಳ್ಳಿಹಾಕಬೇಡಿ. ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸಾಯುವವರಲ್ಲಿ ಅತಿ ದೊಡ್ಡ ಪಾಲು ದ್ವಿಚಕ್ರ ವಾಹನದವರದೇ ಆಗಿದೆ. ಬೈಕು ಕಾರಿನಷ್ಟು ಸುರಕ್ಷಿತ ಎಂದು ನಾನು ನಿಮಗೆ ಹೇಳಲಾರೆ. ಅಪಾಯವನ್ನು ಕಡಿಮೆ ಮಾಡಿಕೊಳ್ಳಬಹುದು ಎಂದಷ್ಟೇ ಹೇಳಬಲ್ಲೆ. ಮುಂದೆ ಹೇಳುವ ಕೆಲವು ವಿಷಯಗಳಲ್ಲಿ ಯಾವುದಾದರೊಂದು ನಿಮ್ಮಿಂದ ಆಗದಿದ್ದರೂ, ಉದಾಹರಣೆಗೆ ಮಗಳ ತಲೆಗೆ ಸರಿಯಾದ ಹೆಲ್ಮೆಟ್ ಸಿಗದಿದ್ದರೂ, ಈ ಸಲ ಕಾರಿನಲ್ಲೇ ಹೋಗಿ. ಬೈಕ್ ಪ್ರಯಾಣವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.

ಮೊದಲು ನೋಡಬೇಕಾದದ್ದು ಮಗಳ ಕಾಲು. ಬೈಕನ್ನು ಮೇನ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ. ಎರಡೂ ಪಾದಗಳು ಫುಟ್‌ರೆಸ್ಟಿನ ಮೇಲೆ ಪೂರ್ತಿಯಾಗಿ ಊರಬೇಕು, ಹಾಗೆ ಊರಿಕೊಂಡು ಸೀಟಿನಿಂದ ಒಂದಿಷ್ಟು ಮೇಲೆದ್ದು ಕೂರಲು ಅವಳಿಗೆ ಆಗಬೇಕು. ಬೆರಳ ತುದಿ ಮಾತ್ರ ತಾಗುತ್ತಿದೆ ಎಂದಾದರೆ ಅವಳಿನ್ನೂ ಉದ್ದ ಪ್ರಯಾಣಕ್ಕೆ ಬೆಳೆದಿಲ್ಲ. ರಸ್ತೆಯ ಹಳ್ಳ ಬಂದಾಗ ದೇಹದ ಭಾರವನ್ನು ಕಾಲಿಗೆ ಹಾಕಲು ಆಗದೆ ಸೀಟಿನ ಮೇಲೆ ಎಗರುತ್ತಾಳೆ. ಹತ್ತು ವರ್ಷದ ಕೆಲವು ಮಕ್ಕಳಿಗೆ ಪಾದ ಸಲೀಸಾಗಿ ಊರುತ್ತದೆ, ಕೆಲವರಿಗೆ ಊರುವುದಿಲ್ಲ. ಇಲ್ಲಿ ವಯಸ್ಸಿಗಿಂತ ಕಾಲಿನ ಉದ್ದವೇ ಮುಖ್ಯ. ಎಷ್ಟೋ ತಂದೆ ತಾಯಿ ಇದಕ್ಕೆ ಪರಿಹಾರವೆಂಬಂತೆ ಮಗುವನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಳ್ಳುತ್ತಾರೆ. ಮೋಟಾರು ವಾಹನ ಕಾಯ್ದೆಯ 128ನೇ ಕಲಮಿನ ಪ್ರಕಾರ ಜೊತೆಯಲ್ಲಿರುವ ಒಬ್ಬರು ಚಾಲಕರ ಹಿಂದಿನ ಸೀಟಿನಲ್ಲೇ ಕೂರಬೇಕು. ಕಾನೂನಿನ ಮಾತು ಪಕ್ಕಕ್ಕಿರಲಿ, ಮುಂದೆ ಕೂತ ಮಗು ಢಿಕ್ಕಿಯ ಹೊತ್ತಿನಲ್ಲಿ ಹ್ಯಾಂಡಲ್‌ಗೂ ನಿಮ್ಮ ಎದೆಗೂ ನಡುವೆ ಸಿಕ್ಕಿಕೊಳ್ಳುತ್ತದೆ.

ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ ಎಂಬುದು ನಿಮಗೆ ತಿಳಿದಿರುತ್ತದೆ. ನಾಲ್ಕರೊಳಗಿನ ಮಕ್ಕಳಿಗೆ ಪ್ರತ್ಯೇಕ ನಿಯಮವಿದ್ದು, ಹೆಲ್ಮೆಟ್ಟಿನ ಜೊತೆಗೆ ಸವಾರರಿಗೆ ಬಿಗಿಯುವ ಸುರಕ್ಷಾ ಬೆಲ್ಟು ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ದಾಟಬಾರದು. 2023ರ ಫೆಬ್ರುವರಿಯಿಂದ ಅದು ಜಾರಿಯಲ್ಲಿದೆ. ನಿಮ್ಮ ಮಗಳಿಗೆ ಆ ನಿಯಮ ಅನ್ವಯಿಸದಿದ್ದರೂ ಕೊಡಗಿನ ತಿರುವುಗಳಲ್ಲಿ 40ರ ವೇಗ ಅವಳಿಗೂ ಒಳ್ಳೆಯ ಮಿತಿಯೇ. ಹೆಲ್ಮೆಟ್ ಕೊಳ್ಳುವಾಗ ಮಗಳನ್ನು ಅಂಗಡಿಗೆ ಕರೆದುಕೊಂಡು ಹೋಗಲೇಬೇಕು. ಹುಬ್ಬಿನಿಂದ ಒಂದು ಬೆರಳು ಮೇಲೆ ಟೇಪು ಸುತ್ತಿ ತಲೆಯ ಅಳತೆ ತೆಗೆದುಕೊಳ್ಳಿ. ಐಎಸ್‌ಐ ಗುರುತಿರುವ, ಮುಖ ಪೂರ್ತಿ ಮುಚ್ಚುವ, ಆದಷ್ಟು ಹಗುರವಾದ ಮಕ್ಕಳ ಅಳತೆಯ ಹೆಲ್ಮೆಟ್ಟನ್ನೇ ಆರಿಸಿ. ದೊಡ್ಡವರ ಹೆಲ್ಮೆಟ್ಟಿನೊಳಗೆ ಬಟ್ಟೆ ತುರುಕಿ ಬಿಗಿ ಮಾಡುವುದರಿಂದ ಏನೂ ಪ್ರಯೋಜನವಿಲ್ಲ, ಮೇಲಾಗಿ ಅದರ ಭಾರವನ್ನು ಎಳೆಯ ಕುತ್ತಿಗೆ ದಿನವಿಡೀ ಹೊರಬೇಕಾಗುತ್ತದೆ. ಪಟ್ಟಿ ಬಿಗಿದ ಮೇಲೆ ಹಿಂಬದಿಯ ಅಂಚಿಗೆ ಕೈ ಹಾಕಿ ಮುಂದಕ್ಕೆ ಎತ್ತಿ ನೋಡಿ. ಹೆಲ್ಮೆಟ್ ತಲೆಯಿಂದ ಕಳಚುವಂತಿದ್ದರೆ ಅದು ದೊಡ್ಡದಾಯಿತು. ಆ ಹೆಲ್ಮೆಟ್ಟನ್ನು ಮನೆಯಲ್ಲಿ ಓದುವಾಗಲೋ ಟಿವಿ ನೋಡುವಾಗಲೋ ಅರ್ಧ ಗಂಟೆ ಹಾಕಿಕೊಂಡು ಕೂರಲಿ. ಹಣೆಯಲ್ಲಿ ನೋಯುವ ಜಾಗವೊಂದಿದ್ದರೆ ಅದು ಗೊತ್ತಾಗುವುದು ಆಗಲೇ.

ಬಟ್ಟೆಯ ವಿಷಯದಲ್ಲಿ ತಾಯಿ ಮಗಳಿಬ್ಬರಿಗೂ ಸೇರಿಸಿ ಹೇಳುತ್ತೇನೆ. ದುಪ್ಪಟ್ಟ, ಶಾಲು, ಸಡಿಲವಾದ ಮಫ್ಲರ್, ಗಾಳಿಗೆ ಹಾರುವ ಮೇಲಂಗಿಯಂಥ ಮಳೆ ಕೋಟು ಇವೆಲ್ಲ ಬೇಡ; ಹಿಂದಿನ ಚಕ್ರಕ್ಕೋ ಚೈನಿಗೋ ಅವುಗಳ ತುದಿ ಸುತ್ತಿಕೊಂಡರೆ ಆಗುವುದನ್ನು ವಿವರಿಸಿ ಹೇಳಬೇಕಿಲ್ಲ. ಮಗಳಿಗೆ ಉದ್ದ ಜಡೆಯಿದ್ದರೆ ಅದು ಜರ್ಕಿನ್ನಿನ ಒಳಗಿರಲಿ. ಒಳಗೆ ಮೈಗಂಟುವ ಬಟ್ಟೆ, ಅದರ ಮೇಲೆ ಸ್ವೆಟರ್, ಹೊರಗೆ ಗಾಳಿ ತಡೆಯುವ ಜರ್ಕಿನ್, ದಪ್ಪ ಜೀನ್ಸ್, ಮಂಡಿಗೆ ಗಾರ್ಡ್, ಪಾದದ ಗಿಣ್ಣಿಗಿಂತ ಮೇಲೆ ಬರುವ ಶೂ, ಕೈಗೆ ಗ್ಲೌಸ್. ನವೆಂಬರ್ ಕೊನೆಯ ಮುಂಜಾನೆ ಮಡಿಕೇರಿಯಲ್ಲಿ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಓಡುವ ಬೈಕಿನ ಮೇಲೆ ಅದು ಇನ್ನೂ ತಣ್ಣಗೆ ತಟ್ಟುತ್ತದೆ. ಚಳಿಗೆ ಬೆರಳು ಮರಗಟ್ಟಿದ ಮಗುವಿಗೆ ನಿಮ್ಮ ಸೊಂಟವನ್ನು ಬಿಗಿಯಾಗಿ ಹಿಡಿಯಲು ಆಗುವುದಿಲ್ಲ. ಹತ್ತುವುದು ಇಳಿಯುವುದು ಎಡಗಡೆಯಿಂದಲೇ ಆಗಲಿ, ಏಕೆಂದರೆ ಬಹುಪಾಲು ಬೈಕುಗಳಂತೆ ನಿಮ್ಮದರಲ್ಲೂ ಬಲಗಡೆಗೆ ಸೈಲೆನ್ಸರ್ ಇರುತ್ತದೆ. ಮಕ್ಕಳ ಮೀನಖಂಡದಲ್ಲಿ ಕಾಣುವ ಸುಟ್ಟ ಗಾಯಗಳಲ್ಲಿ ಎಷ್ಟೋ ಬೈಕು ನಿಂತ ಮೇಲೆ, ಇಳಿಯುವ ಅವಸರದಲ್ಲಿ ಆದಂಥವು.

ನನ್ನ ದೃಷ್ಟಿಯಲ್ಲಿ ಮಗುವಿನೊಂದಿಗಿನ ಸವಾರಿಯ ಅತಿ ದೊಡ್ಡ ಅಪಾಯ ನಿದ್ದೆ, ಇದನ್ನು ಬಹಳ ಜನ ಯೋಚಿಸಿಯೇ ಇರುವುದಿಲ್ಲ. ಇಂಜಿನ್ನಿನ ಒಂದೇ ಸಮನೆಯ ಸದ್ದು, ಹೊಟ್ಟೆ ತುಂಬ ಊಟ, ಬೆನ್ನಿಗೆ ತಗುಲುವ ಬಿಸಿಲು ಸೇರಿದರೆ ಮಧ್ಯಾಹ್ನ ಎರಡರಿಂದ ಮೂರೂವರೆಯ ನಡುವೆ ಮಕ್ಕಳು ಕೂತಲ್ಲೇ ತೂಕಡಿಸುತ್ತಾರೆ. ಮೊದಲ ಲಕ್ಷಣ ನಿಮ್ಮ ಬೆನ್ನಿಗೇ ತಿಳಿಯುತ್ತದೆ: ಅವಳ ಹೆಲ್ಮೆಟ್ ನಿಮ್ಮ ಭುಜದ ಕೆಳಗೆ ಒಮ್ಮೆ ತಗುಲಿ, ಹಿಂದೆ ಸರಿದು, ಮತ್ತೆ ತಗುಲುತ್ತದೆ, ಅದರ ಜೊತೆಗೇ ಸೊಂಟದ ಮೇಲಿನ ಹಿಡಿತ ಸಡಿಲವಾಗುತ್ತದೆ. ಎರಡನೇ ಸಲ ತಗುಲುವವರೆಗೆ ಕಾಯದೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಕೆಳಗಿಳಿಸಿ, ಹೆಲ್ಮೆಟ್ ತೆಗೆಸಿ, ನಾಲ್ಕು ಹೆಜ್ಜೆ ನಡೆಸಿ. ಮಗುವನ್ನು ಸವಾರರಿಗೆ ಕಟ್ಟುವ ಬೆಲ್ಟನ್ನು ಈ ಕಾರಣಕ್ಕೆ ಕೆಲವರು ಬಳಸುತ್ತಾರೆ. ಹತ್ತು ವರ್ಷದ ಹುಡುಗಿಗೆ ನಾನು ಅದನ್ನು ಹೇಳುವುದಿಲ್ಲ, ಬೈಕು ಜಾರಿದರೆ ನಿಮ್ಮ ಭಾರದೊಂದಿಗೆ ಅವಳೂ ಎಳೆದುಕೊಂಡು ಹೋಗುತ್ತಾಳೆ; ನಿಮ್ಮ ಸೊಂಟಕ್ಕೆ ಕಟ್ಟಿಕೊಂಡು ಅವಳು ಹಿಡಿದುಕೊಳ್ಳಲು ಎರಡು ಹಿಡಿಕೆಗಳಿರುವ ಬೆಲ್ಟು ಸಾಕು. ಬೆನ್ನಿಗೆ ಆಸರೆಯಾಗಿ ಕ್ಯಾರಿಯರ್ ಮೇಲೆ ಒಂದು ಮೆತ್ತನೆಯ ಬ್ಯಾಗನ್ನು ಬಿಗಿಯಾಗಿ ಕಟ್ಟಿ, ಆದರೆ ಭಾರದ ಸಾಮಾನೆಲ್ಲ ಅದರಲ್ಲಿ ತುಂಬಬೇಡಿ. ಹಿಂದೆ ಭಾರ ಹೆಚ್ಚಾದಷ್ಟೂ ಏರು ತಿರುವಿನಲ್ಲಿ ಮುಂದಿನ ಚಕ್ರ ಹಗುರವಾಗುತ್ತದೆ.

ಓಡುವಾಗ ಮಾತು ಕೇಳಿಸುವುದಿಲ್ಲವಾದ್ದರಿಂದ ಕೈ ಸನ್ನೆಗಳನ್ನು ಮೊದಲೇ ಮಾಡಿಕೊಳ್ಳಿ. ಹೊಟ್ಟೆಯ ಮೇಲೆ ಒಮ್ಮೆ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ನಿಲ್ಲಿಸು ಎಂಬಷ್ಟು ಸರಳವಾಗಿರಲಿ, ಮತ್ತು ಎರಡು ಸಲ ತಟ್ಟಿದಾಗ ಕಾರಣ ಕೇಳದೆ ನಿಲ್ಲಿಸಲೇಬೇಕು. ಒಮ್ಮೆ ಅಮ್ಮ ನಿಲ್ಲಿಸಲಿಲ್ಲ ಎಂದಾದರೆ ಮಗು ಮತ್ತೆ ತಟ್ಟುವುದಿಲ್ಲ, ಮೂತ್ರಕ್ಕೆ ಅವಸರವಾದರೂ ಕಾಲು ಜೋಮು ಹಿಡಿದರೂ ಸುಮ್ಮನೆ ಕೂತಿರುತ್ತದೆ. ತಿರುವಿನಲ್ಲಿ ಬೈಕು ಯಾವ ಕಡೆಗೆ ವಾಲುತ್ತದೋ ಆ ಕಡೆಯ ನಿಮ್ಮ ಭುಜದ ಮೇಲಿಂದ ರಸ್ತೆ ನೋಡಲು ಅವಳಿಗೆ ಹೇಳಿಕೊಡಿ. ಹಾಗೆ ನೋಡಿದರೆ ದೇಹ ತಾನಾಗಿ ಬೈಕಿನೊಂದಿಗೆ ವಾಲುತ್ತದೆ, ಹೊಟ್ಟೆ ತೊಳಸುವುದೂ ಕಡಿಮೆ. ಇವನ್ನೆಲ್ಲ ರೂಢಿ ಮಾಡಿಕೊಳ್ಳಲು ನಿಮಗೆ ಚಾಮುಂಡಿ ಬೆಟ್ಟದ ರಸ್ತೆಯೇ ಇದೆ. ಒಂದು ಭಾನುವಾರ ಬೆಳಿಗ್ಗೆ ಬೆಟ್ಟ ಹತ್ತಿ ಇಳಿಯಿರಿ, ಇನ್ನೊಂದು ಭಾನುವಾರ ಸೋಮನಾಥಪುರದವರೆಗೆ ಹೋಗಿ ಬನ್ನಿ. ಅಷ್ಟಾದ ಮೇಲೆ ಕೊಡಗಿಗೆ ಬರುವ ಉತ್ಸಾಹ ಅವಳಲ್ಲಿ ಉಳಿದಿದೆಯೇ ಎಂದು ಅವಳನ್ನೇ ಕೇಳಿ, ಅವಳ ಉತ್ತರಕ್ಕೆ ಬೆಲೆ ಕೊಡಿ.

ಇನ್ನು ಪಟ್ಟಿಯ ವಿಷಯ. ಮಾಂದಲಪಟ್ಟಿಯನ್ನು ಹೊಡೆದುಹಾಕಿ: ಕೊನೆಯ ಭಾಗದ ರಸ್ತೆ ಕಡಿದಾದದ್ದು, ಕಲ್ಲು ಎದ್ದದ್ದು, ಬಾಡಿಗೆ ಜೀಪುಗಳೇ ಕುಲುಕುತ್ತ ಹತ್ತುವ ದಾರಿ ಅದು. ಚೇಲಾವರದ ಬಂಡೆಗಳ ಮೇಲೆ ಜೀವ ಕಳೆದುಕೊಂಡವರಿದ್ದಾರೆ, ಒಬ್ಬರೇ ದೊಡ್ಡವರಿರುವಾಗ ಮಗುವಿನೊಂದಿಗೆ ಅಲ್ಲಿಗಿಳಿಯುವುದು ಬೇಡ. ಇರ್ಪು ಸುಂದರವಾದ ಜಾಗ, ಆದರೆ ನಿಮ್ಮ ದಾರಿಯಿಂದ ಬಹಳ ದೂರ. ನಾಗರಹೊಳೆಯನ್ನು ಅರಣ್ಯ ಇಲಾಖೆಯ ಸಫಾರಿ ವಾಹನದಲ್ಲಿ ಇನ್ನೊಮ್ಮೆ ನೋಡಿ. ದುಬಾರೆ ಮತ್ತು ನಿಸರ್ಗಧಾಮ ಎರಡೂ ಒಂದೇ ದಿನಕ್ಕೆ ಹೆಚ್ಚು. ಆನೆ ಶಿಬಿರವಿರುವ ದುಬಾರೆಗೆ ಬೆಳಿಗ್ಗೆಯೇ ತಲುಪಿ ದೋಣಿಯ ಸಾಲಿನಲ್ಲಿ ನಿಲ್ಲಬೇಕಾಗುವುದರಿಂದ ಅದನ್ನೂ ಬಿಡಿ. ಅಬ್ಬಿಯನ್ನು ಮಾತ್ರ ಮಡಿಕೇರಿಯಲ್ಲಿ ಸಮಯ ಉಳಿದರೆ ಎಂದು ಇಟ್ಟುಕೊಳ್ಳಿ.

ಉಳಿದ ತಾಣಗಳನ್ನು ಪೋಣಿಸಲು ನಾನು ಸೂಚಿಸುವುದು ಕಾವೇರಿಯನ್ನು. ನಿಮ್ಮ ಮಗಳು ಮೈಸೂರಿನವಳು, ಕೃಷ್ಣರಾಜಸಾಗರದ ನೀರನ್ನು ನೋಡಿ ಬೆಳೆದವಳು. ಆ ನದಿಯನ್ನು ಹಿಮ್ಮುಖವಾಗಿ, ಅದು ಹುಟ್ಟುವ ಜಾಗದವರೆಗೆ ಹಿಡಿದುಕೊಂಡು ಹೋಗುತ್ತಿದ್ದೇವೆ ಎಂದು ಹೇಳಿದರೆ ದಾರಿಗೊಂದು ಕಥೆ ಬರುತ್ತದೆ, ಮುಂದಿನ ಸೇತುವೆ ಯಾವಾಗ ಎಂದು ಅವಳೇ ಕಾಯತೊಡಗುತ್ತಾಳೆ. ಒಂದು ಭೂಪಟವನ್ನು ಮಡಚಿ ಅವಳ ಜೇಬಿಗೆ ಕೊಡಿ, ಪ್ರತಿ ನಿಲುಗಡೆಯಲ್ಲಿ ಗುರುತು ಹಾಕುವ ಕೆಲಸ ಅವಳದಾಗಲಿ.

ಶುಕ್ರವಾರ ಬೆಳಿಗ್ಗೆ ಏಳರ ಹೊತ್ತಿಗೆ ತಿಂಡಿ ಮುಗಿಸಿ ಹೊರಡಿ. ಮಡಿಕೇರಿಗೆ ಸುಮಾರು 120 ಕಿಲೋಮೀಟರ್. ದೊಡ್ಡವರು ಮೂರು ಗಂಟೆಯಲ್ಲಿ ತಲುಪುವ ಈ ದಾರಿಗೆ ನೀವು ಇಡೀ ದಿನ ಇಟ್ಟುಕೊಳ್ಳಿ. ಮೊದಲ ನಿಲುಗಡೆ 45 ಕಿಲೋಮೀಟರ್ ದೂರದ ಹುಣಸೂರು. ಅಲ್ಲಿನ ಲಕ್ಷ್ಮಣತೀರ್ಥ ನದಿ ಹುಟ್ಟುವುದು ನೀವು ಬಿಟ್ಟ ಇರ್ಪಿನ ಬ್ರಹ್ಮಗಿರಿ ಸಾಲಿನಲ್ಲಿ, ಕೊನೆಗೆ ಸೇರುವುದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನೇ. ಅಲ್ಲಿಂದ ಪಿರಿಯಾಪಟ್ಟಣದವರೆಗೆ ರಸ್ತೆಯ ಎರಡೂ ಬದಿಯಲ್ಲಿ ತಂಬಾಕು ಹದ ಮಾಡುವ ಎತ್ತರದ ಬ್ಯಾರನ್ನುಗಳು ಕಾಣುತ್ತವೆ. ಬೈಲುಕುಪ್ಪೆ ಇನ್ನೂ ಮೈಸೂರು ಜಿಲ್ಲೆಯಲ್ಲಿಯೇ ಇದೆ. 1963ರಲ್ಲಿ ಆರಂಭವಾದ, ಟಿಬೆಟಿಯನ್ ಬೌದ್ಧರ ನಾಮ್‌ಡ್ರೋಲಿಂಗ್ ಮಠದ ದೇಗುಲದಲ್ಲಿ ಬುದ್ಧ, ಪದ್ಮಸಂಭವ, ಅಮಿತಾಯುಸ್ ಮೂವರ ಹೊನ್ನಿನ ಬಣ್ಣದ ಬೃಹತ್ ಮೂರ್ತಿಗಳಿವೆ. ಶೂ ಬಿಚ್ಚಿ ತಣ್ಣನೆಯ ನೆಲದ ಮೇಲೆ ಮೌನವಾಗಿ ಕೂರುವ ಅರ್ಧ ಗಂಟೆ ಸವಾರಿಯ ಕುಲುಕಾಟದ ನಂತರ ಮೈಗೂ ಹಿತ. ಊಟವನ್ನು ಅಲ್ಲೇ ಹಗುರವಾಗಿ ಮುಗಿಸಿ. ಕೊಪ್ಪ ದಾಟುವಾಗ ಸೇತುವೆಯ ಕೆಳಗೆ ಹರಿಯುವುದು ಕಾವೇರಿ, ಆಚೆ ದಡ ಕೊಡಗು. ಸೇತುವೆಯ ಮೇಲೆ ನಿಲ್ಲಿಸಬೇಡಿ, ಎರಡು ಕಿಲೋಮೀಟರ್ ಆಸುಪಾಸಿನಲ್ಲಿರುವ ನಿಸರ್ಗಧಾಮದಲ್ಲಿ ತೂಗುಸೇತುವೆಯ ಮೇಲೆ ನಿಂತು ಅದೇ ಹೊಳೆಯನ್ನು ಬೇಕಾದಷ್ಟು ಹೊತ್ತು ನೋಡಬಹುದು. ನಾನು ಹೇಳಿದ ನಿದ್ದೆಯ ಹೊತ್ತು ಅವಳು ಬಿದಿರು ಮೆಳೆಯ ನೆರಳಿನಲ್ಲಿ ಓಡಾಡಿಕೊಂಡು ಕಳೆಯುವಂತಾಗಲಿ ಎಂದೇ ಈ ನಿಲುಗಡೆಯನ್ನು ಇಲ್ಲಿಟ್ಟಿದ್ದೇನೆ.

ಕುಶಾಲನಗರದಿಂದ ಮಡಿಕೇರಿಗೆ ಉಳಿಯುವುದು ಸುಮಾರು 30 ಕಿಲೋಮೀಟರ್, ಆದರೆ ದಾರಿಯ ಗುಣವೇ ಇಲ್ಲಿ ಬದಲಾಗುತ್ತದೆ. ಗುಡ್ಡೆಹೊಸೂರು ದಾಟಿದ ಮೇಲೆ ಆನೆಕಾಡು ಸಿಗುತ್ತದೆ, ಅದರಾಚೆ ಸುಂಟಿಕೊಪ್ಪದಿಂದ ಕಾಫಿ ತೋಟಗಳ ನಡುವೆ ಏರು ಮತ್ತು ತಿರುವು. ನವೆಂಬರ್ ಕೊನೆಯೆಂದರೆ ಅರೇಬಿಕಾ ಹಣ್ಣು ಕುಯ್ಯುವ ಕಾಲ. ಸಂಜೆ ನಾಲ್ಕರ ಮೇಲೆ ಕೆಲಸದವರನ್ನು ಮನೆಗೆ ಬಿಡುವ ಜೀಪು, ಪಿಕಪ್ಪುಗಳು ತೋಟದ ಗೇಟುಗಳಿಂದ ರಸ್ತೆಗೆ ನುಗ್ಗುತ್ತವೆ, ಟ್ರ್ಯಾಕ್ಟರಿನ ಟೈರಿಗಂಟಿದ ಕೆಸರು ಡಾಂಬರಿನ ಮೇಲೆ ಉದ್ದಕ್ಕೂ ಬಿದ್ದಿರುತ್ತದೆ. ಆದ್ದರಿಂದ ನಾಲ್ಕೂವರೆಯೊಳಗೆ ಮಡಿಕೇರಿ ಸೇರಿಕೊಳ್ಳಿ. ಅಂದಿನ ಸಂಜೆಗೆ ರಾಜಾಸೀಟಿನ ಸೂರ್ಯಾಸ್ತ ಸಾಕು. ಮರುದಿನ ಹೊರಡುವ ಮೊದಲು ಕೋಟೆಯ ಒಳಗಿರುವ, ನಿಜ ಗಾತ್ರದ ಗಾರೆಯ ಎರಡು ಆನೆಗಳನ್ನು ತೋರಿಸಿ. ಇತಿಹಾಸದಲ್ಲಿ ಆಸಕ್ತಿಯಿದ್ದರೆ, ಜನರಲ್ ತಿಮ್ಮಯ್ಯನವರು ಹುಟ್ಟಿ ಬೆಳೆದ ‘ಸನ್ನಿ ಸೈಡ್’ ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಮಗಳಿಗೆ ಜಲಪಾತವೇ ಬೇಕೆಂದಾದರೆ ಇವೆರಡನ್ನೂ ಬಿಟ್ಟು ಎಂಟು ಕಿಲೋಮೀಟರ್ ದೂರದ ಅಬ್ಬಿಗೆ ಹೋಗಿ ಬನ್ನಿ.

ಶನಿವಾರದ ದಾರಿ ಬೆಟ್ಟಗೇರಿ, ಚೇರಂಬಾಣೆಗಳ ಮೇಲೆ ಭಾಗಮಂಡಲಕ್ಕೆ, ಅಲ್ಲಿಂದ ಎಂಟು ಕಿಲೋಮೀಟರ್ ಏರಿದರೆ ತಲಕಾವೇರಿ. ಇಡೀ ಪ್ರಯಾಣದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಈ ತುಂಡು, ನಿಮ್ಮಿಂದ ಹೆಚ್ಚು ಎಚ್ಚರ ಬೇಡುವುದೂ ಇದೇ. ಮಂಜು ಕರಗುವ ಮೊದಲು, ಅಂದರೆ ಎಂಟೂವರೆಗಿಂತ ಮುಂಚೆ, ಹೊರಡುವುದು ಬೇಡ. ಪೆಟ್ರೋಲನ್ನು ಮಡಿಕೇರಿಯಲ್ಲೇ ತುಂಬಿಸಿ. ಹಿಂದಿನ ಟೈರಿನ ಗಾಳಿಯನ್ನು ಇಬ್ಬರು ಕೂರುವಾಗ ಇರಬೇಕಾದ ಒತ್ತಡಕ್ಕೆ, ಕಂಪನಿಯವರು ಬೈಕಿನ ಮೇಲೆ ಅಂಟಿಸಿರುವ ಪಟ್ಟಿ ನೋಡಿ ಹಾಕಿಸಿ. ನಿಮ್ಮದು ಟ್ಯೂಬ್ ಇರುವ ಟೈರಾದರೆ ಒಂದು ಟ್ಯೂಬ್ ಜೊತೆಗಿರಲಿ, ಮಡಿಕೇರಿಯ ಮೆಕ್ಯಾನಿಕ್ ಒಬ್ಬರ ನಂಬರನ್ನು ಹೋಂಸ್ಟೇಯವರಿಂದ ಬರೆದಿಟ್ಟುಕೊಳ್ಳಿ, ಏಕೆಂದರೆ ದಾರಿಯಲ್ಲಿ ಮೊಬೈಲ್ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ಮರದ ನೆರಳು ದಟ್ಟವಾಗಿರುವ ತಿರುವುಗಳಲ್ಲಿ ಹತ್ತು ಗಂಟೆಯಾದರೂ ರಸ್ತೆ ಒಣಗಿರುವುದಿಲ್ಲ. ಅಂಚಿನಲ್ಲಿ ಮಳೆಗಾಲದ ಪಾಚಿಯ ಹಸಿರು ಪಟ್ಟೆ ಉಳಿದಿರುತ್ತದೆ, ಅದರ ಮೇಲೆ ಸಿಲ್ವರ್ ಓಕ್ ಎಲೆಗಳು ಉದುರಿ ಅಂಟಿಕೊಂಡಿರುತ್ತವೆ. ಎದುರಿಗೆ ಬಸ್ಸು ಬಂದಿತೆಂದು ಆ ಹಸಿರಿನ ಮೇಲೆ ಇಳಿದು ಬ್ರೇಕ್ ಒತ್ತಿದರೆ ಚಕ್ರ ಜಾರುವುದು ಖಂಡಿತ. ತಿರುವಿಗೆ ಮೊದಲೇ ವೇಗ ಇಳಿಸಿ, ಹಾರ್ನ್ ಮಾಡಿ, ನಿಮ್ಮ ಎಡಬದಿಯಲ್ಲೇ ಆದರೆ ಅಂಚಿನಿಂದ ಒಂದು ಮಾರು ಒಳಗೆ ಬನ್ನಿ. ಬೆಟ್ಟದ ರಸ್ತೆಯಲ್ಲಿ ಏರುವ ವಾಹನಕ್ಕೆ ಮೊದಲ ಅವಕಾಶ ಎಂಬುದನ್ನು ಇಳಿಯುವಾಗ ಮರೆಯಬೇಡಿ.

ಭಾಗಮಂಡಲದಲ್ಲಿ ಕನ್ನಿಕೆ ಬಂದು ಕಾವೇರಿಯನ್ನು ಸೇರುತ್ತದೆ, ಸುಜ್ಯೋತಿ ಗುಪ್ತಗಾಮಿನಿಯಾಗಿ ಕೂಡುತ್ತದೆ ಎಂಬ ನಂಬಿಕೆಯಿದೆ. ನಿನ್ನೆ ಕುಶಾಲನಗರದಲ್ಲಿ ಅಷ್ಟು ಅಗಲವಾಗಿದ್ದ ನದಿ ಇಲ್ಲಿ ತೊರೆಯಷ್ಟಾಗಿರುವುದನ್ನು ಮಗಳೇ ಗಮನಿಸುತ್ತಾಳೆ. ಸಮುದ್ರ ಮಟ್ಟದಿಂದ ಸುಮಾರು 1,276 ಮೀಟರ್ ಎತ್ತರದ ತಲಕಾವೇರಿಯಲ್ಲಿ ಅದು ಒಂದು ಪುಟ್ಟ ಕುಂಡಿಕೆ ಮತ್ತು ಅದರ ಮುಂದಿನ ಕೊಳ ಮಾತ್ರ. ಅಲ್ಲಿಂದ ಪೂಂಪುಹಾರದ ಬಳಿ ಬಂಗಾಳ ಕೊಲ್ಲಿಗೆ ಸೇರುವವರೆಗೆ ಸುಮಾರು 800 ಕಿಲೋಮೀಟರ್. ತುಲಾ ಸಂಕ್ರಮಣದಲ್ಲಿ ತೀರ್ಥೋದ್ಭವಕ್ಕೆ ನೆರೆಯುವ ಜನಸಾಗರ ನವೆಂಬರಿನಲ್ಲಿ ಇರುವುದಿಲ್ಲ, ನಿಧಾನವಾಗಿ ನೋಡಬಹುದು. 2020ರ ಆಗಸ್ಟಿನಲ್ಲಿ ಇಲ್ಲಿನ ಬ್ರಹ್ಮಗಿರಿ ಬೆಟ್ಟ ಕುಸಿದು ದೇವಾಲಯದ ಅರ್ಚಕರ ಮನೆಯೇ ಮಣ್ಣಿನಡಿ ಹೋಯಿತು, ಅದಕ್ಕೂ ಎರಡು ವರ್ಷ ಮೊದಲು ಮಕ್ಕಂದೂರು, ಜೋಡುಪಾಲದ ಸುತ್ತ ಗುಡ್ಡಗಳು ಜರಿದಿದ್ದವು. ಮಳೆಗಾಲದಲ್ಲಿ ಮಗುವಿನೊಂದಿಗೆ ಇತ್ತ ಬೈಕಿನಲ್ಲಿ ಬರಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಈ ನೆನಪಿನಿಂದಲೇ. ಮೆಟ್ಟಿಲು ಹತ್ತಿ ಬ್ರಹ್ಮಗಿರಿಯ ತುದಿಗೆ ಹೋಗುವ ಅವಕಾಶ ಆ ದಿನ ಇದೆಯೇ ಎಂದು ಅಲ್ಲಿಯೇ ವಿಚಾರಿಸಿ. ಇಳಿಯುವಾಗ ಎರಡನೇ ಗೇರಿನಲ್ಲಿ ಇಂಜಿನ್ನಿನ ಹಿಡಿತದಲ್ಲೇ ಬನ್ನಿ. ನ್ಯೂಟ್ರಲ್‌ಗೆ ಹಾಕಿ ಜಾರಿಸಿಕೊಂಡು ಬರುವುದು, ಕ್ಲಚ್ ಹಿಡಿದೇ ಇಳಿಯುವುದು ಎರಡೂ ಬೇಡ. ಪ್ರತಿ ಸಲ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಮಗುವಿನ ಭಾರವೆಲ್ಲ ನಿಮ್ಮ ಬೆನ್ನ ಮೇಲೆ ಬಂದು, ನಿಮ್ಮ ತೋಳು ಬೇಗ ಸೋಲುತ್ತದೆ.

ರಾತ್ರಿಗೆ ಮಡಿಕೇರಿಗೆ ಹಿಂದಿರುಗದೆ ನಾಪೋಕ್ಲು ಮೇಲೆ ಕಕ್ಕಬ್ಬೆಗೆ ಹೋಗಿ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾದ ಹೋಂಸ್ಟೇ ಒಂದನ್ನು ಮುಂಚೆಯೇ ಗೊತ್ತುಮಾಡಿಕೊಂಡು ಉಳಿಯಿರಿ. 1,748 ಮೀಟರ್ ಎತ್ತರದ, ಕೊಡಗಿನ ಅತಿ ಎತ್ತರದ ಶಿಖರವಾದ ತಡಿಯಂಡಮೋಳ್ ಬುಡದಲ್ಲಿ ದೊಡ್ಡ ವೀರರಾಜೇಂದ್ರ 1792ರಿಂದ 1794ರ ಅವಧಿಯಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯಿದೆ, ಚಿಕ್ಕದು, ಗದ್ದಲವಿಲ್ಲದ್ದು. ಹೋಂಸ್ಟೇಯವರ ತೋಟದಲ್ಲಿ ಹಣ್ಣು ಕುಯ್ಯುತ್ತಿದ್ದರೆ ಅನುಮತಿ ಕೇಳಿ ಮಗಳನ್ನು ಕರೆದೊಯ್ಯಿರಿ. ಕೆಂಪಾದ ಒಂದು ಹಣ್ಣನ್ನು ಬೆರಳಿನಿಂದ ಹಿಸುಕಿದರೆ ಸಿಹಿಯಾದ ಲೋಳೆಯೊಳಗಿಂದ ಚಪ್ಪಟೆ ಬದಿಗಳು ಒಂದಕ್ಕೊಂದು ಅಂಟಿಕೊಂಡ ಎರಡು ಬೀಜಗಳು ಜಾರಿ ಬರುತ್ತವೆ. ಪಕ್ಕದ ಮರಕ್ಕೆ ಹಬ್ಬಿದ ಬಳ್ಳಿಯಲ್ಲಿ ಇನ್ನೂ ಹಸಿರಾಗಿರುವ ಕರಿಮೆಣಸಿನ ಗೊನೆಗಳಿರುತ್ತವೆ. ರಾತ್ರಿ ‘ಅಕ್ಕಿ ಒಟ್ಟಿ’ ಎಂಬ ಅಕ್ಕಿ ರೊಟ್ಟಿಯ ಜೊತೆ ಎಳ್ಳಿನ ಪಜ್ಜಿ, ಅಂದರೆ ಚಟ್ನಿ, ಬೆಳಿಗ್ಗೆ ನೂಪುಟ್ಟು ಎಂಬ ಅಕ್ಕಿ ಶಾವಿಗೆ ಮಕ್ಕಳ ಹೊಟ್ಟೆಗೆ ಹಗುರ. ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿ ನಿಮ್ಮ ಅದೃಷ್ಟಕ್ಕೆ ಆ ದಿನಗಳಲ್ಲೇ ಬಿದ್ದಿದ್ದರೆ, ಗದ್ದೆಯಲ್ಲಿ ಕದಿರು ತೆಗೆಯುವಾಗ ‘ಪೊಲಿ ಪೊಲಿ ದೇವಾ’ ಎಂಬ ಕೂಗನ್ನು ಮಗಳು ಕೇಳಬಹುದು. ಆದರೆ ಅದು ಮನೆತನದ ಹಬ್ಬ, ಕರೆದರೆ ಮಾತ್ರ ಹೋಗಬೇಕು. ದಾರಿಯಲ್ಲಿ ಸಿಗುವ ದೇವರಕಾಡುಗಳ ವಿಷಯದಲ್ಲೂ, ಬೇಲಿಯೊಳಗಿನ ತೋಟಗಳ ವಿಷಯದಲ್ಲೂ ಇದೇ ಮರ್ಯಾದೆ ಇರಲಿ. ಫೋಟೊಗೆಂದು ಒಳಗೆ ಕಾಲಿಡಬೇಡಿ.

ಭಾನುವಾರ ಹಿಂದಿರುಗುವ ದಾರಿ ವಿರಾಜಪೇಟೆ, ಗೋಣಿಕೊಪ್ಪಲು, ತಿತಿಮತಿ, ಆನೆಚೌಕೂರಿನ ಮೇಲೆ ಹುಣಸೂರಿಗೆ. ಮೂರು ದಿನಗಳಲ್ಲಿ ಇದೇ ಉದ್ದದ ದಿನ. ತಿತಿಮತಿಯ ನಂತರ ಕಾಡಿನ ನಡುವೆ ಸಾಗುವ ಭಾಗವನ್ನು ಹನ್ನೊಂದರಿಂದ ಎರಡು ಗಂಟೆಯೊಳಗೆ ದಾಟುವಂತೆ ಹೊರಡಿ. ಬೆಳಗಿನ ಜಾವ ಮತ್ತು ಸಂಜೆ ಐದೂವರೆಯ ನಂತರ ಈ ಕಡೆ ಕಾಡಾನೆ ರಸ್ತೆಗೆ ಬರುವುದು ಅಪರೂಪವೇನಲ್ಲ, ಸಿದ್ದಾಪುರ, ಪಾಲಿಬೆಟ್ಟದ ತೋಟದ ದಾರಿಗಳಲ್ಲೂ ಹಾಗೆಯೇ. ಎದುರಿಗೆ ಆನೆ ಕಂಡರೆ ದೂರದಲ್ಲೇ ನಿಲ್ಲಿಸಿ. ಹಾರ್ನ್ ಬೇಡ, ಇಂಜಿನ್ ಆರಿಸುವುದು ಬೇಡ, ಮಗಳನ್ನು ಕೆಳಗಿಳಿಸುವುದೂ ಬೇಡ. ಬೈಕನ್ನು ತಿರುಗಿಸಿಕೊಂಡು ಬಂದ ದಾರಿಯಲ್ಲೇ ಹಿಂದೆ ಸರಿದು, ಕಾರೋ ಬಸ್ಸೋ ಬರುವವರೆಗೆ ಕಾಯ್ದು, ಅದರ ಹಿಂದೆಯೇ ಹೋಗಿ. ಮೊಬೈಲ್ ಹೊರತೆಗೆಯುವ ಯೋಚನೆಯೇ ಬೇಡ. ಆನೆಯನ್ನು ಹತ್ತಿರದಿಂದ ನೋಡುವ ಆಸೆ ಮಗಳಿಗಿದ್ದರೆ ಇದೇ ರಸ್ತೆಯ ಬದಿಯಲ್ಲಿ ಮತ್ತಿಗೋಡು ಆನೆ ಶಿಬಿರವಿದೆ, 2020ರ ದಸರಾದಿಂದ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ಅಭಿಮನ್ಯು ಈ ಶಿಬಿರದವನೇ. ಒಳಗೆ ಹೋಗಲು ಅವಕಾಶವಿದೆಯೇ ಎಂದು ಸಿಬ್ಬಂದಿಯನ್ನು ಕೇಳಿ ನೋಡಿ. ದುಬಾರೆ ತಪ್ಪಿದ ಬೇಸರ ಅಲ್ಲಿ ಕಳೆದೀತು.

ನಾಲ್ಕು ಔಷಧ, ಬ್ಯಾಂಡೇಜು, ಮಗಳ ರಕ್ತದ ಗುಂಪು ಮತ್ತು ಮನೆಯ ಫೋನ್ ನಂಬರ್ ಬರೆದ ಚೀಟಿ ಅವಳ ಜರ್ಕಿನ್ನಿನ ಒಳಜೇಬಿನಲ್ಲಿರಲಿ. ತುರ್ತಿಗೆ 112, ಆಂಬುಲೆನ್ಸಿಗೆ 108. ದೊಡ್ಡ ಸರ್ಕಾರಿ ಆಸ್ಪತ್ರೆ ಮಡಿಕೇರಿಯಲ್ಲಿದೆ.

ಕೊನೆಯದಾಗಿ ಮಳೆ. ನವೆಂಬರ್ ಕೊನೆಯಲ್ಲೂ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದರೆ ಕೊಡಗಿನಲ್ಲಿ ಎರಡು ದಿನ ಬಿಡದೆ ಸುರಿಯುತ್ತದೆ, ಕಣದಲ್ಲಿ ಹರಡಿದ ಕಾಫಿಯನ್ನು ಮುಚ್ಚಲು ಬೆಳೆಗಾರರು ಪರದಾಡುತ್ತಾರೆ. ಹೊರಡುವ ಮೊದಲೇ ಹವಾಮಾನ ಇಲಾಖೆಯ ಮುನ್ಸೂಚನೆ ಹಾಗಿದ್ದರೆ ಪ್ರಯಾಣವನ್ನು ಮುಂದಿನ ವಾರಕ್ಕೆ ಹಾಕಿ. ಭಾನುವಾರ ಬೆಳಿಗ್ಗೆ ಕಕ್ಕಬ್ಬೆಯಲ್ಲೇ ಮಳೆ ಹಿಡಿದುಕೊಂಡರೆ ಮಾತ್ರ ಕಷ್ಟ, ಏಕೆಂದರೆ ಮರುದಿನ ಶಾಲೆಯಿದೆ ಎಂಬ ಅವಸರ ನಿಮ್ಮನ್ನು ಬೈಕ್ ಹತ್ತಿಸುತ್ತದೆ. ಸೋಮವಾರವೂ ರಜೆ ಬೇಕಾಗಬಹುದು ಎಂದು ನಿಮ್ಮ ಶಾಲೆಯಲ್ಲೂ ಮಗಳ ಶಾಲೆಯಲ್ಲೂ ಗುರುವಾರವೇ ಹೇಳಿಡಿ, ಹೋಂಸ್ಟೇಯಲ್ಲಿ ಇನ್ನೊಂದು ರಾತ್ರಿಗೆ ಕೋಣೆ ಸಿಗುತ್ತದೆಯೇ ಎಂದು ಬುಕ್ ಮಾಡುವಾಗಲೇ ಕೇಳಿಕೊಳ್ಳಿ.